ತೊಟ್ಟು ಮುರಿದ ಕಬ್ಬಿಣದ ಮಾವಿನೆಲೆ: ಹಬ್ಬದ ತೋರಣ ಬಡಿಯುವ ಹೊಸಬರಿಗೆ ದೋಷ ನಿವಾರಣೆ ಕೈಪಿಡಿ

ಹಬ್ಬಕ್ಕೆ ಬಾಗಿಲ ಮೇಲೆ ತೂಗುಹಾಕಲೆಂದು ಕಬ್ಬಿಣದಲ್ಲಿ ಮಾವಿನೆಲೆಯ ತೋರಣ ಬಡಿಯಲು ಹೊರಟ ಹೊಸಬರ ಕೈಯಲ್ಲಿ ಎಲೆ ಕೆಡುವುದು ಸಾಮಾನ್ಯ. ಅದು ಕೆಟ್ಟಿತೆಂದು ತಿಳಿಯುವುದು ಒಂದು ಗಳಿಗೆಯಲ್ಲಿ, ನಿಜವಾಗಿ ಕೆಟ್ಟಿರುವುದು ಅದಕ್ಕಿಂತ ಎರಡು ಮೂರು ಕಾವುಗಳ ಹಿಂದೆ (ಒಮ್ಮೆ ಬೆಂಕಿಗಿಟ್ಟು ಕಾಯಿಸಿ ಬಡಿಯುವುದು ಒಂದು ಕಾವು). ಕೊಕ್ಕೆ ಬಗ್ಗಿಸುವಾಗ ತೊಟ್ಟು ಮುರಿದರೆ ಬಗ್ಗಿಸಿದ್ದೇ ತಪ್ಪಾಯಿತೆಂದುಕೊಂಡು, ಮುಂದಿನ ಎಲೆಯ ಕೊಕ್ಕೆಯನ್ನು ಇನ್ನಷ್ಟು ನಾಜೂಕಾಗಿ ಬಗ್ಗಿಸಿ, ಅದೂ ಅದೇ ಜಾಗದಲ್ಲಿ ಮುರಿದಾಗ ಕೈಚೆಲ್ಲಿ ಕೂತವರನ್ನು ನಾನು ಬಲ್ಲೆ. ಮೊದಲ ವರ್ಷ ನಾನೂ ಹಾಗೆಯೇ ಕೂತಿದ್ದೆ. ದೋಷ ಕಂಡ ಜಾಗದಿಂದ ಹಿಂದಕ್ಕೆ ನಡೆದು, ಅದು ಹುಟ್ಟಿದ ಏಟನ್ನು ಹುಡುಕುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಹಾಗೆ ಹಿಂದಕ್ಕೆ ನಡೆಯಬೇಕಾದರೆ ಸರಿಯಾದ ಎಲೆ ಯಾವ ಹಂತಗಳಲ್ಲಿ ಬರುತ್ತದೆಂಬುದು ಮನಸ್ಸಿನಲ್ಲಿರಬೇಕು. ನಾನು ಬಳಸುವುದು 10 ಮಿ.ಮೀ. ಚೌಕದ ಮೆದು ಉಕ್ಕಿನ ಸರಳು, ಅಂಗಡಿಯವರ ಮಾತಿನಲ್ಲಿ ಎಂ.ಎಸ್. ಸ್ಕ್ವೇರ್ ರಾಡ್. ತುದಿಯಿಂದ 35 ಮಿ.ಮೀ. ಹಿಂದೆ ಸೆಂಟರ್ ಪಂಚ್‌ನಿಂದ ಗುರುತು ಹಾಕಿ, ಮೊದಲು ತುದಿಗೆ ಗಿಡ್ಡ ಮೊನೆ ಕೊಟ್ಟು, ಆಮೇಲೆ ಗುರುತನ್ನು ಅಡಿಗಲ್ಲಿನ (ಕಬ್ಬಿಣವನ್ನಿಟ್ಟು ಬಡಿಯುವ ಗಟ್ಟಿ) ಅಂಚಿಗೆ ಸರಿಯಾಗಿ ಇಟ್ಟು ಕತ್ತು ಇಳಿಸಬೇಕು, ಎಂದರೆ ಎಲೆ ಮತ್ತು ತೊಟ್ಟು ಸೇರುವ ಜಾಗವನ್ನು ಬಡಿದು ತೆಳುವಾಗಿಸಬೇಕು. ಕತ್ತಿನ ಹಿಂದಿನ 30 ಮಿ.ಮೀ. ಭಾಗವನ್ನು 5 ಮಿ.ಮೀ. ಚೌಕಕ್ಕೆ ಎಳೆದರೆ ಅದು ನಾಲ್ಕು ಪಟ್ಟು ಬೆಳೆದು 120 ಮಿ.ಮೀ. ಉದ್ದದ ತೊಟ್ಟಾಗುತ್ತದೆ. ಮುಂದೆ ಉಳಿದ ಗಟ್ಟಿಯನ್ನು 2 ಮಿ.ಮೀ. ದಪ್ಪಕ್ಕೆ ತಟ್ಟಿ ಹರಡಿದರೆ ಸುಮಾರು 80 ಮಿ.ಮೀ. ಉದ್ದ, ನಡುವೆ 33 ಮಿ.ಮೀ. ಅಗಲದ ಎಲೆ ಬರುತ್ತದೆ. ಅದಕ್ಕೆ ಉಳಿಯಿಂದ ನರ ಎಳೆದು, ಸರಳಿನಿಂದ ಕತ್ತರಿಸಿ, ತೊಟ್ಟನ್ನು ಕೊಕ್ಕೆಯಾಗಿ ಸುತ್ತುವುದು ಕೊನೆಯ ಕೆಲಸ. ತೋರಣದ ಹನ್ನೊಂದು ಎಲೆಗಳು ಹನ್ನೊಂದು ಗಾತ್ರಕ್ಕೆ ಬಂದಿದ್ದರೆ ತಟ್ಟುವುದರಲ್ಲಿ ದೋಷ ಹುಡುಕಬೇಡಿ, ಮೊದಲು ಆ 35 ಮಿ.ಮೀ. ಗುರುತನ್ನು ನೋಡಿ. ಪಂಚ್ ಬಿಟ್ಟು ಸೀಮೆಸುಣ್ಣದಲ್ಲಿ ಹಾಕಿದ ಗುರುತು ಬೆಂಕಿಯಲ್ಲಿ ಅಳಿಸಿಹೋಗಿ, ಕಣ್ಣಂದಾಜಿನಲ್ಲಿ ಕತ್ತು ಇಳಿಸಿರುತ್ತೀರಿ.

ಮುರಿದ ಮುಖವನ್ನು ಓದುವುದು

ಹೊಸಬರಿಗೆ ಅತಿ ಹೆಚ್ಚು ಬರುವ ತೊಂದರೆ ತೊಟ್ಟು ಮುರಿಯುವುದು. ಅದರಲ್ಲೂ ಎಲೆ ಮತ್ತು ತೊಟ್ಟು ಸೇರುವ ಕತ್ತಿನಲ್ಲೇ ಮುರಿಯುವುದು. ನನ್ನ ಮೊದಲ ತೋರಣದಲ್ಲಿ, ಆಯುಧಪೂಜೆಗೆ ಎರಡು ದಿನ ಇರುವಾಗ, ಹನ್ನೊಂದರಲ್ಲಿ ನಾಲ್ಕು ಎಲೆಗಳ ತೊಟ್ಟು ಹೀಗೆ ಹೋಯಿತು. ಆಯುಧಪೂಜೆಯ ದಿನ ಉಪಕರಣಗಳಿಗೆ ಪೂಜೆಯೇ ಹೊರತು ಕೆಲಸವಿಲ್ಲ, ಆದ್ದರಿಂದ ಅಷ್ಟರೊಳಗೆ ಮುಗಿಸುವ ಆತುರ ನನಗಿತ್ತು. ತುಂಡುಗಳನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ಮಂಡ್ಯ ತಾಲ್ಲೂಕಿನ ನಮ್ಮ ಊರಿನಲ್ಲಿ ಕುಡುಗೋಲು, ಮಚ್ಚು ಬಡಿಯುವ ಹಿರಿಯ ಆಚಾರ್ರ ಬಳಿಗೆ ಹೋದೆ. ಅವರು ಎಲೆಯ ಚೆಂದವನ್ನಾಗಲಿ ಕೊಕ್ಕೆಯನ್ನಾಗಲಿ ನೋಡಲಿಲ್ಲ. ಮುರಿದ ಮುಖವನ್ನು ಬಿಸಿಲಿಗೆ ಹಿಡಿದು ಕಣ್ಣು ಕಿರಿದು ಮಾಡಿದರು.

‘ಇದು ಈಗ ಮುರ್ದಿರೋದಲ್ಲ ಕಣಪ್ಪ, ಬೆಳಿಗ್ಗೇನೆ ಮುರ್ದೋಗದೆ. ನಿಂಗೆ ಈಗ ಗೊತ್ತಾಯ್ತು ಅಷ್ಟೆ.’

‘ಹಂಗಾದ್ರೆ ಎಲ್ಲಿ ತಪ್ಪಾಯ್ತು ಆಚಾರ್ರೆ?’

‘ಕಪ್ಪಗವ್ನೆ ನೋಡು ಅರ್ಧ.’

ಅವರು ತೋರಿಸಿದ್ದು ಇಷ್ಟು. ಮುರಿದ ಮುಖದ ಅರ್ಧ ಭಾಗ ಹೊಸದಾಗಿ ಕತ್ತರಿಸಿದ ಸೀಸದಂತೆ ಬೂದು ಬಣ್ಣಕ್ಕೆ ಹೊಳೆಯುತ್ತಿತ್ತು, ಉಳಿದರ್ಧ ನೀಲಿಗಪ್ಪಾಗಿತ್ತು. ಕಬ್ಬಿಣ ಕೆಂಪಗೆ ಕಾದಿರುವಾಗ ಗಾಳಿ ತಾಗಿದ ಮೇಲ್ಮೈಯೆಲ್ಲ ಕಪ್ಪು ಪೊರೆ ಕಟ್ಟುತ್ತದೆ. ಮುರಿದ ಮುಖದೊಳಗೆ ಆ ಪೊರೆ ಇದೆಯೆಂದರೆ, ಆ ಬಿರುಕು ಬೆಂಕಿಯೊಳಗೆ ಹೋಗುವಾಗಲೇ ತೆರೆದಿತ್ತು ಎಂದರ್ಥ. ಹೊಳೆಯುವ ಭಾಗ ಮಾತ್ರ ಈಗ ಮುರಿದದ್ದು. ಮುರಿದ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಒಂದು ನಿಮಿಷ ನೋಡುವ ಈ ಪರೀಕ್ಷೆ ಕೊಡುವಷ್ಟು ಮಾಹಿತಿಯನ್ನು ಬೇರೆ ಯಾವುದೂ ಕೊಡಲಾರದು. ಆದ್ದರಿಂದ ಮುರಿದದ್ದನ್ನು ಗುಜರಿ ಡಬ್ಬಕ್ಕೆ ಎಸೆಯುವ ಮೊದಲು, ಮುಖಕ್ಕೆ ಕೈಯೊರಸದೆ, ಬೆಳಕಿಗೆ ಹಿಡಿಯಬೇಕು.

ಮುಖ ಅರ್ಧ ಕಪ್ಪಾಗಿದ್ದರೆ ಕಾರಣ ಬಹುತೇಕ ಅಡಿಗಲ್ಲಿನ ಅಂಚಿನಲ್ಲಿರುತ್ತದೆ. ಗುಜರಿಯಿಂದ ತಂದ ಉಕ್ಕಿನ ಗಟ್ಟಿಯನ್ನೇ ಅಡಿಗಲ್ಲು ಮಾಡಿಕೊಂಡವರಲ್ಲಿ ಇದು ಹೆಚ್ಚು, ಏಕೆಂದರೆ ಗ್ಯಾಸ್ ಕಟಿಂಗ್ ಮಾಡಿದ ಅಂಚು ಚೂರಿಯಂತಿರುತ್ತದೆ. ಅದರ ಮೇಲೆ ಕತ್ತು ಇಳಿಸಿದರೆ ಕಬ್ಬಿಣ ಹರಿಯುವುದಿಲ್ಲ, ಕತ್ತರಿಸಿಕೊಳ್ಳುತ್ತದೆ. ಮುಂದಿನ ಏಟುಗಳಿಗೆ ಆ ಗೀರು ಮಡಿಸಿಕೊಂಡು ಒಳಗೆ ಮುಚ್ಚಿಹೋಗುತ್ತದೆ. ಹೊರಗಿನಿಂದ ನೋಡಿದರೆ ಕೂದಲೆಳೆಯಷ್ಟು ಗೆರೆ, ಒಳಗೆ ಅರ್ಧ ಸರಳಿನಷ್ಟು ಆಳ. ಮಡಿಕೆಯ ಎರಡು ಮುಖಗಳ ನಡುವೆ ಪೊರೆ ಸಿಕ್ಕಿಕೊಂಡಿರುವುದರಿಂದ ಎಷ್ಟು ಬಡಿದರೂ ಅದು ಬೆಸೆಯುವುದಿಲ್ಲ. ಅಡಿಗಲ್ಲಿನ ಅಂಚನ್ನು ಗ್ರೈಂಡರಿನಿಂದ ಸುಮಾರು 3 ಮಿ.ಮೀ. ತ್ರಿಜ್ಯಕ್ಕೆ ದುಂಡಗೆ ಮಾಡುವುದು, ಕತ್ತು ಇಳಿಸುವಾಗ ಸುತ್ತಿಗೆಯ ಮುಖ ಅರ್ಧ ಅಡಿಗಲ್ಲಿನ ಮೇಲೆ, ಅರ್ಧ ಹೊರಗೆ ಇರುವಂತೆ ಹೊಡೆಯುವುದು, ಸರಳನ್ನು ತಿರುಗಿಸಿದಾಗ ಮೊದಲ ಗೀರೇ ಅಂಚಿಗೆ ಕೂರುವಂತೆ ನೋಡಿಕೊಳ್ಳುವುದು, ಇದಕ್ಕೆ ಪರಿಹಾರ. ಗೆರೆ ಆಗಲೇ ಕಂಡಿದ್ದರೆ ಅದನ್ನು ತಣ್ಣಗಾದ ಮೇಲೆ ಅರದಿಂದ ಪೂರ್ತಿ ತೆಗೆದುಹಾಕಿ ಮುಂದುವರಿಯಬೇಕು. ಬಡಿದು ಮುಚ್ಚಲು ಹೋದಷ್ಟೂ ಅದು ಆಳಕ್ಕಿಳಿಯುತ್ತದೆ.

ಮುಖ ಪೂರ್ತಿ ಹೊಳೆಯುತ್ತಿದ್ದು, ಚಿರೋಟಿ ರವೆಯಂತೆ ಸಣ್ಣ ಕಣಗಳಿದ್ದರೆ ಬಿರುಕು ಹಳೆಯದಲ್ಲ. ಆಗ ಬಗ್ಗಿಸಿದ ಹೊತ್ತನ್ನು ವಿಚಾರಿಸಬೇಕು. ಮೆದು ಉಕ್ಕು ಪೂರ್ತಿ ತಣ್ಣಗಿರುವಾಗ ಬಾಗುತ್ತದೆ, ಕೆಂಪಗಿರುವಾಗಲೂ ಬಾಗುತ್ತದೆ. ಆದರೆ ಸುಮಾರು 200ರಿಂದ 400 ಡಿಗ್ರಿ ಸೆಲ್ಸಿಯಸ್ ನಡುವೆ, ಎಂದರೆ ಕೆಂಪು ಆರಿದ ಮೇಲೂ ಮೈ ಬಿಸಿಯಿರುವ ಹೊತ್ತಿನಲ್ಲಿ, ಅದರ ಬಾಗುವ ಗುಣ ಕುಗ್ಗುತ್ತದೆ. ‘ಇನ್ನೂ ಬಿಸಿ ಇದೆಯಲ್ಲ’ ಎಂದು ಕೊನೆಯ ತಿರುವನ್ನು ಕೊಡುವುದು ಇದೇ ಹೊತ್ತಿನಲ್ಲಿ. ಒಂದೋ ಮತ್ತೆ ಕಾಯಿಸಿ ಬಗ್ಗಿಸಿ, ಇಲ್ಲವೇ ಕೈಯಲ್ಲಿ ಹಿಡಿಯುವಷ್ಟು ತಣ್ಣಗಾಗಲು ಬಿಡಿ.

ಮುಖದಲ್ಲಿ ಸಕ್ಕರೆ ಹರಳಿನಂತೆ ದಪ್ಪ ದಪ್ಪ ಕಣಗಳು ಮಿನುಗುತ್ತಿದ್ದರೆ ತೊಟ್ಟು ಮಿತಿಮೀರಿ ಕಾದಿದೆ. 5 ಮಿ.ಮೀ. ತೊಟ್ಟು ಅದರ ಮುಂದಿನ ಎಲೆಗಿಂತ ಬಹಳ ಬೇಗ ಕಾಯುತ್ತದೆ. ಎಲೆ ಕಿತ್ತಳೆ ಬಣ್ಣಕ್ಕೆ ಬರಲೆಂದು ಕಾಯುತ್ತಿದ್ದಾಗ ತೊಟ್ಟು ಬಿಳಿಗೆ ತಿರುಗಿರುತ್ತದೆ. ಎಲೆಯನ್ನು ಬೆಂಕಿಯ ಒಡಲಿಗೂ ತೊಟ್ಟನ್ನು ಅಂಚಿಗೂ ಬರುವಂತೆ ಸರಳನ್ನು ಇಡುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು.

ಬೆಳಿಗ್ಗೆ ಸರಿಯಿದ್ದದ್ದು ಮಧ್ಯಾಹ್ನ ಸುಡುವುದು

ಒಬ್ಬರೇ ಬಡಿದ ಎಲೆಗಳಲ್ಲಿ ಮೊದಲ ನಾಲ್ಕು ಚೆನ್ನಾಗಿ ಬಂದು, ಆಮೇಲಿನವು ತುದಿ ಸುಟ್ಟು, ಮೈಯೆಲ್ಲ ಪೊರೆ ಎದ್ದು ಬಂದಿದ್ದರೆ ನಾನು ಕೇಳುವ ಮೊದಲ ಪ್ರಶ್ನೆ ಕುಲುಮೆಯನ್ನು ಎಲ್ಲಿ ಇಟ್ಟಿದ್ದೀರಿ ಎಂಬುದು. ಮೈಸೂರಿನ ಹೊಸ ಬಡಾವಣೆಗಳಲ್ಲಿ ಮನೆಯ ಹಿಂದಿನ ಖಾಲಿ ಜಾಗದಲ್ಲೋ ತಾರಸಿಯ ಮೇಲೋ ಕುಲುಮೆ ಹೂಡುವವರು ಬಿಸಿಲಿನಲ್ಲೇ ನಿಂತಿರುತ್ತಾರೆ. ಕಾದ ಕಬ್ಬಿಣದ ಬಣ್ಣ ಅದರ ಸ್ವಂತ ಬೆಳಕು. ಸುತ್ತಲಿನ ಬೆಳಕು ಹೆಚ್ಚಾದಂತೆ ಅದು ಮಂಕಾಗಿ ಕಾಣುತ್ತದೆ. ನೆರಳಿನಲ್ಲಿ ಮಂದ ಕೆಂಪೆಂದರೆ ಸುಮಾರು 700 ಡಿಗ್ರಿ, ಕಿತ್ತಳೆ ಎಂದರೆ 950ರ ಆಸುಪಾಸು, ಹಳದಿ ಎಂದರೆ 1,100. ನಡುಮಧ್ಯಾಹ್ನದ ಬಿಸಿಲಿನಲ್ಲಿ ಆ ಮಂದ ಕೆಂಪು ಕಾಣುವುದೇ ಇಲ್ಲ, ಹಳದಿ ಬರೀ ಕೆಂಪಿನಂತೆ ತೋರುತ್ತದೆ. ‘ಇನ್ನೂ ಕೆಂಪೇ ಇದೆ’ ಎಂದು ತಿದಿ ಒತ್ತಿದರೆ, ಅಥವಾ ಬ್ಲೋವರ್ ತಿರುಗಿಸಿದರೆ, ತುದಿಯಿಂದ ದೀಪಾವಳಿಯ ಸುರುಸುರು ಬತ್ತಿಯ ಹಾಗೆ ಕಿಡಿ ಸಿಡಿಯತೊಡಗುತ್ತದೆ. ಅದು ಕಬ್ಬಿಣ ಉರಿಯುತ್ತಿರುವ ಕಿಡಿ. ಹಾಗೆ ಸುಟ್ಟ ತುದಿಯನ್ನು ಯಾವ ಹದವೂ ಮರಳಿ ತರುವುದಿಲ್ಲ. ಕಿಡಿ ಬಂದ ಭಾಗವನ್ನು ಕತ್ತರಿಸಿ ಎಸೆಯುವುದೊಂದೇ ದಾರಿ.

ಪರಿಹಾರಕ್ಕೆ ಖರ್ಚಿಲ್ಲ. ಒಂದು ತಗಡಿನ ಹಾಳೆಯನ್ನು ಎತ್ತರದಲ್ಲಿ ಅಡ್ಡ ಕಟ್ಟಿ ನೆರಳು ಮಾಡಿ. ನಮ್ಮ ಹಳೆಯ ಕಮ್ಮಾರಸಾಲೆಗಳು ಒಳಗೆ ಮಬ್ಬಾಗಿರುವುದು ಬಡತನಕ್ಕಲ್ಲ, ಬಣ್ಣ ಕಾಣಲಿ ಎಂದು. ಕಣ್ಣಿನ ಮೇಲೆ ನಂಬಿಕೆ ಬರುವವರೆಗೆ ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ತಂತಿಗೆ ಕಟ್ಟಿ ಹತ್ತಿರ ಇಟ್ಟುಕೊಳ್ಳಬಹುದು: ಕಬ್ಬಿಣ ಸುಮಾರು 770 ಡಿಗ್ರಿ ದಾಟಿದರೆ ಅಯಸ್ಕಾಂತ ಅದಕ್ಕೆ ಅಂಟುವುದಿಲ್ಲ. ಅಂಟಿತೆಂದರೆ ಬಡಿಯುವ ಕಾವು ಮುಗಿದಿದೆ, ಸುತ್ತಿಗೆ ಕೆಳಗಿಡಬೇಕು.

ಬಣ್ಣ ಸರಿಯಾಗಿ ಕಂಡರೂ ಪೊರೆ ಹಾಳೆ ಹಾಳೆಯಾಗಿ ಏಳುತ್ತಿದ್ದರೆ ದೋಷ ಬೆಂಕಿಯ ಆಳದಲ್ಲಿದೆ. ಗಾಳಿ ಬರುವ ಕೊಳವೆಯ ಬಾಯಿಗೂ ಸರಳಿಗೂ ನಡುವೆ ನಾಲ್ಕು ಅಂಗುಲದಷ್ಟಾದರೂ ಉರಿಯುವ ಇದ್ದಿಲು ಇರಬೇಕು, ಮೇಲೆ ಎರಡು ಅಂಗುಲ ಮುಚ್ಚಿರಬೇಕು. ಕೆಳಗಿನ ಇದ್ದಿಲು ಗಾಳಿಯ ಆಮ್ಲಜನಕವನ್ನು ತಿಂದು ಮುಗಿಸುತ್ತದೆ. ಅದು ತೆಳುವಾದರೆ ಗಾಳಿ ನೇರವಾಗಿ ಕಬ್ಬಿಣವನ್ನೇ ತಿನ್ನುತ್ತದೆ. ಇಸ್ತ್ರಿ ಅಂಗಡಿಗಳಿಗೆ ಮಾರುವ ತೆಂಗಿನ ಚಿಪ್ಪಿನ ಇದ್ದಿಲನ್ನು ಬಳಸುವವರು ಇದನ್ನು ಗಮನಿಸಬೇಕು, ಏಕೆಂದರೆ ಅದು ಬೇಗ ಉರಿದು ಕುಸಿಯುತ್ತದೆ, ಎರಡು ಎಲೆಗೊಮ್ಮೆ ತುಂಬಬೇಕಾಗುತ್ತದೆ. ಕಲ್ಲಿದ್ದಲು ಬಳಸುವವರಿಗೆ ಬೇರೆ ಎರಡು ತೊಂದರೆಗಳಿವೆ. ಕಾವು ನಿಧಾನವಾಗಿ ಇಳಿಯುತ್ತ ಹೋದರೆ ಕೊಳವೆಯ ಬಾಯಿಗೆ ಗಾಜಿನಂಥ ಕಿಟ್ಟ ಕಟ್ಟಿದೆ, ಬೆಂಕಿ ಸ್ವಲ್ಪ ತಣಿದ ಮೇಲೆ ಸಲಾಕೆಯಿಂದ ಎಬ್ಬಿಸಿ ತೆಗೆಯಿರಿ. ಕಿತ್ತಳೆ ಬಣ್ಣದಲ್ಲೇ ಅಂಚು ಪುಡಿಪುಡಿಯಾಗಿ ಬಿರಿದರೆ ಗಂಧಕದ ಮೇಲೆ ಸಂಶಯ ಪಡಬೇಕು: ಕಬ್ಬಿಣ ಮತ್ತು ಗಂಧಕ ಸೇರಿ ಸುಮಾರು 990 ಡಿಗ್ರಿಗೇ ಕರಗಿ, ಕಣಗಳ ನಡುವಿನ ಬಂಧ ಸಡಿಲವಾಗುತ್ತದೆ. ಹಳದಿ ಹೊಗೆ ಪೂರ್ತಿ ಉರಿದು ಹೋಗುವವರೆಗೆ ಸರಳನ್ನು ಬೆಂಕಿಗಿಡಬಾರದು. ಮರದ ಇದ್ದಿಲಿನಲ್ಲಿ ಈ ಕಾಟವಿಲ್ಲ. 1923ರಲ್ಲಿ ಕೆಲಸ ಆರಂಭಿಸಿದ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ ಮೊದಲು ಕಬ್ಬಿಣ ಕರಗಿಸಿದ್ದೂ ಮಲೆನಾಡಿನ ಮರದ ಇದ್ದಿಲಿನಲ್ಲಿಯೇ.

ಮೊನೆ, ಮೈ, ನರ

ಮೊನೆ ಮೀನಿನ ಬಾಯಿಯಂತೆ ಸೀಳಿದ್ದರೆ ಹೊರಮೈ ಮುಂದಕ್ಕೆ ಹರಿದು ಒಳಗಿನ ಕಬ್ಬಿಣ ಹಿಂದುಳಿದಿದೆ. ಕಾವು ಕಡಿಮೆಯಿದ್ದು ಏಟು ಮೆಲ್ಲಗಿದ್ದಾಗ ಬರೀ ಮೇಲ್ಮೈ ಚಲಿಸುತ್ತದೆ. ಉದ್ದ ಮೊನೆಯನ್ನು ಒಮ್ಮೆಲೇ ಮಾಡಲು ಹೋಗದೆ, ಹಳದಿ ಕಾವಿನಲ್ಲಿ, ಅಡಿಗಲ್ಲಿನ ಆಚೆ ಅಂಚಿನಲ್ಲಿ ಸರಳನ್ನು ಓರೆಯಾಗಿಟ್ಟು ಮೊದಲು ಗಿಡ್ಡ ಮೊಂಡು ಮೊನೆ ಮಾಡಿ, ಆಮೇಲೆ ಅದನ್ನು ನೀಳ ಮಾಡಿ. ಸೀಳಿದ್ದನ್ನು ಅರದಿಂದ ಸೀಳಿನ ಬುಡದವರೆಗೆ ತೆಗೆಯಲೇಬೇಕು.

ತೊಟ್ಟು ಎಳೆಯುವಾಗ ಚೌಕ ಹೋಗಿ ವಜ್ರಾಕೃತಿಗೆ ವಾಲಿದರೆ ನೀವು ಸರಿಯಾಗಿ ಕಾಲು ಸುತ್ತು ತಿರುಗಿಸುತ್ತಿಲ್ಲ. ಉಬ್ಬಿದ ಮೂಲೆಗಳ ಮೇಲೆ ಹಗುರವಾಗಿ ಹೊಡೆದು ಮೊದಲು ಚೌಕಕ್ಕೆ ತನ್ನಿ, ಆಮೇಲೆ ಎಳೆಯಿರಿ. ವಾಲಿದ್ದರ ಮೇಲೆಯೇ ಎಳೆದರೆ ಮೂಲೆ ಮಡಿಸಿಕೊಳ್ಳುತ್ತದೆ.

ಎಲೆ ಬಾಳೆಕಾಯಿಯಂತೆ ಒಂದು ಕಡೆಗೆ ಬಾಗಿ ಹರಡುವುದು ಕೈಯ ದೋಷ. ಸುತ್ತಿಗೆಯ ಮುಖ ಒಂದು ಕಡೆಗೆ ವಾಲಿದ್ದರೆ ಆ ಬದಿ ತೆಳುವಾಗಿ ಉದ್ದ ಬೆಳೆಯುತ್ತದೆ, ಎಲೆ ಎದುರು ಬದಿಗೆ ತಿರುಗುತ್ತದೆ. ಬಾಗಿದ ಎಲೆಯ ಒಳಬದಿಯನ್ನು ಅಷ್ಟೇ ತೆಳುವಾಗುವವರೆಗೆ ತಟ್ಟಿದರೆ ಅದು ನೇರವಾಗುತ್ತದೆ; ನೇರ ಮಾಡಲೆಂದು ಅಂಚಿನ ಮೇಲೆ ಹೊಡೆದರೆ ಅಂಚು ಸುಕ್ಕುಗಟ್ಟುತ್ತದೆ. ನಿಂತ ಎತ್ತರವನ್ನೂ ಒಮ್ಮೆ ನೋಡಿಕೊಳ್ಳಿ. ಕೈಯನ್ನು ಇಳಿಬಿಟ್ಟು ನಿಂತಾಗ ಮುಷ್ಟಿಯ ಗೆಣ್ಣುಗಳು ಅಡಿಗಲ್ಲಿನ ಮೇಲ್ಮೈಗೆ ತಾಗುವಂತಿರಬೇಕು. ಅಡಿಗಲ್ಲು ಅದಕ್ಕಿಂತ ಎತ್ತರವಾದರೆ ಸುತ್ತಿಗೆಯ ಹಿಮ್ಮಡಿಯೂ (ಮುಖದ ಈಚೆ ಅಂಚು), ತಗ್ಗಾದರೆ ಮೂತಿಯೂ (ಆಚೆ ಅಂಚು) ಮೊದಲು ತಾಗಿ, ಎಲೆಯ ಮೈಮೇಲೆ ಅರ್ಧಚಂದ್ರದ ಗಾಯಗಳಾಗುತ್ತವೆ. ಅರ್ಧಚಂದ್ರಗಳಲ್ಲದೆ ಸಿಡುಬಿನ ಕಲೆಯಂಥ ಗುಳಿಗಳಿದ್ದರೆ ಕಾರಣ ಬೇರೆ: ಉದುರಿದ ಪೊರೆಯ ಮೇಲೆಯೇ ಎಲೆಯನ್ನಿಟ್ಟು ಬಡಿದಿದ್ದೀರಿ. ಬೆಂಕಿಯಿಂದ ತೆಗೆದ ಕೂಡಲೇ ತಂತಿ ಬ್ರಷ್‌ನಿಂದ ಒಂದೆರಡು ಸಲ ಎಳೆದು, ಅಡಿಗಲ್ಲನ್ನೂ ಗುಡಿಸಿ, ಆಮೇಲೆ ಸುತ್ತಿಗೆ ಎತ್ತಬೇಕು. ಕನ್ನಡಕವಿಲ್ಲದೆ ಈ ಕೆಲಸ ಬೇಡ, ಸಿಡಿಯುವ ಪೊರೆ ಕೆಂಪಗಿರುತ್ತದೆ.

ನರ ಎಳೆಯುವಾಗ ಎಲೆ ಸೀಳಿಹೋದರೆ ಉಳಿ ಹರಿತವಾಗಿದೆ. ನರಕ್ಕೆ ಬೇಕಾದ ಉಳಿ ಕತ್ತರಿಸುವಂಥದ್ದಲ್ಲ. ಅದರ ಬಾಯಿ ನಾಣ್ಯದ ಅಂಚಿನಷ್ಟು ಮೊಂಡಾಗಿರಬೇಕು. ಮೊದಲ ಎರಡು ನರ ಆಳವಾಗಿ ಬಂದು ಆಮೇಲಿನವು ಕಾಣದಿದ್ದರೆ ಎಲೆ ತಣ್ಣಗಾಗಿದೆ. 2 ಮಿ.ಮೀ. ಎಲೆ ಅಡಿಗಲ್ಲಿಗೆ ತಾಗಿದ ಕೂಡಲೇ ತನ್ನ ಕಾವನ್ನೆಲ್ಲ ಅದಕ್ಕೆ ಒಪ್ಪಿಸಿಬಿಡುತ್ತದೆ. ಐದಾರು ಏಟಿಗಿಂತ ಹೆಚ್ಚು ಒಂದು ಕಾವಿನಲ್ಲಿ ನಿರೀಕ್ಷಿಸಬಾರದು. ಉಳಿಯ ಬಾಯಿಯೇ ಮಡಿಸಿಕೊಂಡಿದ್ದರೆ, ಬಿಸಿ ಕಬ್ಬಿಣದ ಮೇಲೆ ಅದು ತನ್ನ ಹದ ಕಳೆದುಕೊಂಡಿದೆ, ಮೂರು ಏಟಿಗೊಮ್ಮೆ ನೀರಿಗೆ ಅದ್ದಿ.

ಕಬ್ಬಿಣವೇ ಬೇರೆಯಾಗಿದ್ದರೆ

ಎಲ್ಲವನ್ನೂ ಸರಿಯಾಗಿ ಮಾಡಿಯೂ ಎಲೆ ನೆಲಕ್ಕೆ ಬಿದ್ದಾಗ ಗಾಜಿನಂತೆ ಮುರಿದರೆ, ಸರಳಿನ ಹುಟ್ಟನ್ನು ವಿಚಾರಿಸಬೇಕು. ಲಾರಿಯ ಹಳೆಯ ಸ್ಪ್ರಿಂಗ್ ಪ್ಲೇಟು ಮಚ್ಚಿಗೆ ಹೇಳಿಮಾಡಿಸಿದ್ದು. ಅದರಲ್ಲಿ ಇಂಗಾಲ ಶೇ. 0.5ಕ್ಕಿಂತ ಹೆಚ್ಚಿರುವುದರಿಂದ ಕೆಂಪಗಿರುವಾಗ ನೀರಿಗೆ ಅದ್ದಿದರೆ ಗಡುಸಾಗಿ ಬಿರಿಯುತ್ತದೆ. ಮೆದು ಉಕ್ಕಿನಲ್ಲಿ ಇಂಗಾಲ ಶೇ. 0.25ಕ್ಕಿಂತ ಕಡಿಮೆ, ಅದನ್ನು ನೀರಿಗೆ ಅದ್ದಿದರೂ ತೊಟ್ಟಿಗೆ ಅಪಾಯವಿಲ್ಲ. ಸಂಶಯವಿದ್ದರೆ ತುಣುಕೊಂದನ್ನು ಕಿತ್ತಳೆ ಬಣ್ಣಕ್ಕೆ ಕಾಯಿಸಿ ನೀರಿಗೆ ಅದ್ದಿ ಅರ ಹಾಕಿ ನೋಡಿ: ಅರ ಕಚ್ಚಿದರೆ ಮೆದು, ಜಾರಿದರೆ ಗಡುಸು.

ಬಡಿದ ಕೂಡಲೇ, ಕೆಂಪಗಿರುವಾಗಲೇ, ಬೆಲ್ಲದ ಅಚ್ಚಿನಂತೆ ಪುಡಿಯಾದದ್ದು ಎರಕದ ಕಬ್ಬಿಣ. ಹಳೆಯ ಹೊಲಿಗೆ ಯಂತ್ರದ ಕಾಲನ್ನು ಮುರಿದು ತಂದು ಎಲೆ ಮಾಡಲು ಹೋದವರ ಪಾಡು ಇದು. ಅದರಲ್ಲಿ ಇಂಗಾಲ ಶೇ. 2ಕ್ಕಿಂತ ಹೆಚ್ಚು, ಅದು ಅಚ್ಚಿಗೆ ಹೊಯ್ಯುವ ಲೋಹ, ಸುತ್ತಿಗೆಯ ಲೋಹವಲ್ಲ. 1912ರಲ್ಲಿ ಪೂರ್ಣಗೊಂಡ ಮೈಸೂರು ಅರಮನೆಯ ಕಲ್ಯಾಣ ಮಂಟಪದ ಕಂಬಗಳನ್ನು ನೋಡಿ, ಅಷ್ಟು ನಯವಾದ ಅಲಂಕಾರ ಕಬ್ಬಿಣದಲ್ಲಿ ಬರುತ್ತದಾದರೆ ತನ್ನ ಎಲೆ ಏಕೆ ಒರಟು ಎಂದು ಬೇಸರಪಟ್ಟ ಗೆಳೆಯನೊಬ್ಬನಿಗೆ ನಾನು ಹೇಳಿದ್ದು ಇದನ್ನೇ: ಆ ಕಂಬಗಳು ಗ್ಲ್ಯಾಸ್ಗೋದಲ್ಲಿ ಎರಕ ಹೊಯ್ದು ತರಿಸಿದವು, ಅವಕ್ಕೆ ಸುತ್ತಿಗೆಯ ಏಟು ಬಿದ್ದೇ ಇಲ್ಲ.

ಮನೆ ಕಟ್ಟಿ ಉಳಿದ ಟಿ.ಎಂ.ಟಿ. ಸರಳಿನಿಂದ ಮಾಡಿದ ಎಲೆಯಲ್ಲಿ ಅಡ್ಡಗೆರೆಗಳು ಕಂಡರೆ ಅವು ಸರಳಿನ ಏಣುಗಳು ಮಡಿಸಿಕೊಂಡ ಗುರುತು; ಏಣುಗಳನ್ನು ಮೊದಲೇ ಗ್ರೈಂಡ್ ಮಾಡಿ ತೆಗೆಯಬೇಕು. ಸತು ಬಳಿದ ಜಿ.ಐ. ಪೈಪು, ತಂತಿ, ತಗಡನ್ನು ಮಾತ್ರ ಯಾವ ಕಾರಣಕ್ಕೂ ಬೆಂಕಿಗಿಡಬಾರದು. ಸತು 907 ಡಿಗ್ರಿಗೆ ಕುದಿದು ಬಿಳಿ ಹೊಗೆಯಾಗುತ್ತದೆ. ಅದನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳ ಬಳಿಕ ಚಳಿಜ್ವರ ಬರುತ್ತದೆ. ಬೆಂಕಿಯಿಂದ ಬಿಳಿ ಹೊಗೆಯೂ ಹಸಿರು ಛಾಯೆಯ ಜ್ವಾಲೆಯೂ ಎದ್ದರೆ ಗಾಳಿ ನಿಲ್ಲಿಸಿ ದೂರ ಸರಿಯಿರಿ.

ಮೇಣ ಮತ್ತು ತುಕ್ಕು

ತುಕ್ಕು ಹಿಡಿಯದಿರಲೆಂದು ಜೇನುಮೇಣ ಸವರಿದ ಎಲೆ ಕೈಗೆ ಅಂಟಂಟಾಗಿದ್ದರೆ ಕಬ್ಬಿಣ ಸಾಕಷ್ಟು ಬಿಸಿಯಿರಲಿಲ್ಲ, ಮೇಣ ಮೇಲೆಯೇ ಗಟ್ಟಿಯಾಗಿದೆ. ಮೇಣ ಬುಸ್ಸೆಂದು ಹೊತ್ತಿ, ಎಲೆ ಒಣಗಿದಂತೆ ಬೂದಾಗಿದ್ದರೆ ಕಾವು ಹೆಚ್ಚಾಗಿತ್ತು. ದೋಸೆ ಕಾವಲಿಗೆ ನೀರು ಚಿಮುಕಿಸಿ ನೋಡುವಂತೆಯೇ ಎಲೆಗೂ ಒಂದು ಹನಿ ಹಾಕಿ ನೋಡಿ. ಹನಿ ಚುಯ್ಯೆಂದು ಆರಿದಾಗ ಮೇಣ ಸವರಿ, ಬಟ್ಟೆಯಿಂದ ಒರೆಸಬೇಕು. ಮೇಣದ ಜೊತೆ ಅಗಸೆ ಎಣ್ಣೆ ಬೆರೆಸುವವರು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು, ಅದು ತಾನಾಗಿಯೇ ಕಾದು ಹೊತ್ತಿಕೊಳ್ಳಬಹುದು, ಬಿಡಿಸಿ ಒಣಗಹಾಕಬೇಕು.

ಮೇಣವೇ ಚಕ್ಕೆಯಾಗಿ ಎದ್ದು ಬಂದರೆ ಅದರ ಕೆಳಗೆ ಸಡಿಲ ಪೊರೆ ಉಳಿದಿತ್ತು. ಎಲೆಗಳನ್ನು ಒಂದು ರಾತ್ರಿ ವಿನೆಗರಿನಲ್ಲಿ ನೆನೆಹಾಕಿದರೆ ಪೊರೆ ಸಡಿಲವಾಗಿ ತಂತಿ ಬ್ರಷ್‌ಗೆ ಬಿಟ್ಟುಕೊಡುತ್ತದೆ. ಆಮೇಲೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು, ತಡಮಾಡದೆ ಬೆಂಕಿಯ ಮೇಲೆ ಹಿಡಿದು ಒಣಗಿಸಬೇಕು, ಇಲ್ಲವಾದರೆ ಕಣ್ಣೆದುರೇ ಕೆಂಬಣ್ಣ ಹಿಡಿಯುತ್ತದೆ. ಮಳೆ ಎರಚಲು ಬೀಳುವ ಬಾಗಿಲಿಗೆ ಮೇಣ ಸಾಲದು. ಅಲ್ಲಿಗೆ ರೆಡ್ ಆಕ್ಸೈಡ್ ಬಳಿದು ಮೇಲೆ ಕಪ್ಪು ಬಣ್ಣ ಹಾಕಿ.

ಎಲೆಯೆಲ್ಲ ಚೆನ್ನಾಗಿದ್ದು ಕೊಕ್ಕೆಯ ಒಳಮೈ ಮಾತ್ರ ತುಕ್ಕು ಹಿಡಿದಿದ್ದರೆ ತೋರಣ ಕಟ್ಟಿದ ತಂತಿಯನ್ನು ನೋಡಿ. ಚೆಂದ ಕಾಣಲೆಂದು ತಾಮ್ರದ ತಂತಿಗೆ ಕಟ್ಟಿರುತ್ತಾರೆ. ಗಾಳಿಗೆ ತೂಗಿ ತೂಗಿ ಕೊಕ್ಕೆಯ ಮೇಣ ಸವೆದ ಜಾಗದಲ್ಲಿ ಕಬ್ಬಿಣ ತಾಮ್ರಕ್ಕೆ ತಾಗಿ, ತೇವ ಸೇರಿದಾಗ ಕಬ್ಬಿಣವೇ ಬೇಗ ತುಕ್ಕಾಗುತ್ತದೆ. ಮೇಣ ಉಜ್ಜಿದ ದಪ್ಪ ನೂಲಿನ ಹುರಿಗೆ ಕಟ್ಟಿ, ವರ್ಷಕ್ಕೊಮ್ಮೆ, ಆಯುಧಪೂಜೆಗೆ ಉಪಕರಣಗಳನ್ನು ತೊಳೆದಿಡುವ ಹಿಂದಿನ ದಿನ, ಕೊಕ್ಕೆಗಳನ್ನು ಬೆಚ್ಚಗೆ ಮಾಡಿ ಒಳಮೈಗೆ ಇನ್ನೊಂದು ಸಲ ಮೇಣ ಹಚ್ಚಿದರೆ ಸಾಕು.